ಬೂಷ್ಟು ಹಿಡಿದ ಫ್ಲಾಪಿ

ತೊಂಬತ್ತರ ದಶಕದ ನಡುವೆ ಬಂಗಾರಪೇಟೆಯ ಸ್ಟೇಷನ್ ಹತ್ತಿರ ನಾನೊಂದು ಪುಟ್ಟ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಕೆಟ್ಟ ಫ್ಲಾಪಿಯಿಂದಲೂ ಫೈಲು ತೆಗೆದುಕೊಡುತ್ತೇನೆಂಬ ಸುದ್ದಿ ಹೇಗೋ ಕೆಜಿಎಫ್‌ವರೆಗೆ ಹೋಗಿತ್ತು. ಒಂದು ಮಧ್ಯಾಹ್ನ ಮಾರಿಕುಪ್ಪಂ ರೈಲಿನಿಂದ ಇಳಿದ ಗಂಡ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಅಲ್ಲಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯವರು. ಆತ ಗಣಿಯೊಳಗೆ ದುಡಿದು ಎದೆ ಕೆಡಿಸಿಕೊಂಡಿದ್ದ; ನಮ್ಮ ಕೇಂದ್ರದ ಮೆಟ್ಟಿಲು ಹತ್ತಿದ್ದಕ್ಕೇ ಚೌಕಟ್ಟು ಹಿಡಿದು ಏದುತ್ತಿದ್ದ. ಆಕೆ ಸೆರಗಿನ ಮರೆಯಿಂದ ಹಳೆಯ ಕಾಲದ ದೊಡ್ಡ ಫ್ಲಾಪಿ ಎರಡನ್ನು ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮ ಮಗಳ್ದು ತಾಯಿ. ಮದ್ವೆಗೆ ಮುಂಚೆ ಊರಿಗಾಂನಾಗೆ ಕಂಪ್ಯೂಟರ್ ಕಲೀತಿದ್ಲು. ಅವ್ಳು ಬರ್ದಿರೋದು ಇದ್ರಾಗೆ ಐತಂತೆ. ತೆಗ್ದು ಕೊಡು.”

“ಅವಳನ್ನೇ ಕರ್ಕೊಂಡು ಬನ್ನಿ ಅಮ್ಮ, ಯಾವ ಫೈಲು ಬೇಕೂಂತ ಹೇಳಲಿ” ಎಂದೆ.

ಆಕೆ ಗಂಡನ ಮುಖ ನೋಡಿದಳು.

“ಸ್ಟವ್ ಸಿಡೀತು ಅಂದ್ರು, ಅತ್ತೆ ಮನೆಯೋರು” ಎಂದ ಆತ.

ಮದುವೆಯಾಗಿ ವರ್ಷ ತುಂಬಿರಲಿಲ್ಲವಂತೆ. ಸೀರೆ, ಫೋಟೊ ಯಾವುದನ್ನೂ ಅತ್ತೆ ಮನೆಯವರು ಹಿಂದಿರುಗಿಸಲಿಲ್ಲ. ತವರಿನಲ್ಲಿ ಉಳಿದಿದ್ದು ಇವೆರಡೇ.

ಒಂದು ಫ್ಲಾಪಿ ಮೇಲ್ನೋಟಕ್ಕೆ ಚೆನ್ನಾಗಿತ್ತು. ಅವರೆದುರಿಗೇ ಡ್ರೈವಿಗೆ ಹಾಕಿದೆ. ಕಿರ್ರೆಂದು ಕೀರಲು ಸದ್ದು ಬಂತು. ತಕ್ಷಣ ಎಳೆದು ನೋಡಿದರೆ ಒಳಗಿನ ಕಂದು ಲೇಪ ಉಂಗುರದ ಹಾಗೆ ಕೆರೆದುಹೋಗಿ ಆಚೆಯ ಬೆಳಕು ಕಾಣುತ್ತಿತ್ತು.

“ಸುಟ್ಟೋಯ್ತಾ?” ಎಂದಳು ಆಕೆ.

“ಇಲ್ಲಮ್ಮ, ಸವೆದುಹೋಯ್ತು” ಎಂದೆ. ಆಕೆಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಇನ್ನೊಂದಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ. ಮೇಲಿನ ಕರಿ ಕವಚದ ಅಂಚು ಕತ್ತರಿಸಿ, ಒಳಗಿನ ತೆಳು ತಟ್ಟೆಯನ್ನು ಜಾರಿಸಿ ತೆಗೆದು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಸಿರು ಬಿಗಿಹಿಡಿದು ಒರೆಸಿದೆ. ನೆರಳಲ್ಲಿ ಒಣಗಿಸಿ, ಹೊಸ ಫ್ಲಾಪಿಯೊಂದರ ಖಾಲಿ ಕವಚದೊಳಗೆ ಸೇರಿಸಿ ಓದಿಸಿದೆ. ಅರ್ಧಕ್ಕರ್ಧ ಬರಲೇ ಇಲ್ಲ. ಬಂದದ್ದನ್ನು ಬೇರೆ ಫ್ಲಾಪಿಗೆ ಇಳಿಸಿಕೊಂಡು ನೋಡಿದರೆ, ಎಲ್ಲವೂ ಟೈಪಿಂಗ್ ಅಭ್ಯಾಸ. ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿ, ಒಂದು ಕೆಲಸದ ಅರ್ಜಿ, ಮಿಕ್ಕಂತೆ ಅವೇ ಅಕ್ಷರಗಳ ಸಾಲು ಸಾಲು. ನಮ್ಮಲ್ಲೂ ಮಕ್ಕಳು ದಿನಾ ಅದನ್ನೇ ಕುಟ್ಟುತ್ತಿದ್ದರು.

ಇಬ್ಬರೂ ಬಂದಾಗ ಪ್ರಿಂಟ್ ತೆಗೆದು ಕೈಗಿತ್ತೆ. ಆಕೆಗೆ ಓದು ಬಾರದು. “ಓದಮ್ಮ” ಎಂದಳು. ಕನ್ನಡದಲ್ಲಿ ಹೇಳುತ್ತ ಹೋದೆ: ‘ನನಗೆ ಜ್ವರ ಬಂದಿರುವುದರಿಂದ ದಯವಿಟ್ಟು ಒಂದು ದಿನ ರಜೆ ಕೊಡಬೇಕು.’

ಆಕೆ ಗಾಬರಿಯಾದಳು. “ಜ್ವರ ಬಂದಿತ್ತಾ? ನಂಗೆ ಏಳ್ಲೇ ಇಲ್ವಲ್ಲ ಅವ್ಳು!”

“ಅದು ಪಾಠ ಕಣೇ. ಅಂಗೆ ಬರ್ಸ್ತಾರೆ” ಎಂದ ಗಂಡ.

“ಪಾಠ ಆದ್ರೇನು? ಅತ್ತೆ ಮನೆಯಾಗೂ ಎಷ್ಟು ಬಾಧೆ ಪಟ್ಲೋ. ಯಾವತ್ತೂ ಬಾಯಿ ಬುಡ್ಲಿಲ್ಲ.”

ನಾನು ಮುಂದಿನ ಹಾಳೆ ತೆಗೆದೆ. ಆತ ಗೋಡೆಗೆ ತಿರುಗಿ ಕೆಮ್ಮತೊಡಗಿದ. ಕೆಮ್ಮು ನಿಂತ ಮೇಲೂ ಈ ಕಡೆ ತಿರುಗಲಿಲ್ಲ. ಕೆಲಸದ ಅರ್ಜಿ ಓದುವಾಗ ಆಕೆ ನೀಟಾಗಿ ಕೂತು ಕೇಳಿದಳು. ‘ನಾನು ಶ್ರಮಪಟ್ಟು ದುಡಿಯುವವಳು’ ಎಂಬಲ್ಲಿಗೆ ಬಂದಾಗ ಇನ್ನೊಮ್ಮೆ ಓದಿಸಿದಳು.

ಹೊರಡುವಾಗ ಫೈಲು ಇಳಿಸಿದ್ದ ಹೊಸ ಫ್ಲಾಪಿಯನ್ನೂ ಕೊಡಹೋದೆ. ಆಕೆ ಮುಟ್ಟಲಿಲ್ಲ. “ಇದು ಅವ್ಳ್ದಲ್ಲ. ಅವ್ಳು ಇಡ್ಕೊಂತಿದ್ದ ಆ ಕರೀದು ಎಲ್ಲಿ?”

ಕತ್ತರಿಸಿದ ಕವಚ ಕಸದ ಬುಟ್ಟಿಯಲ್ಲಿತ್ತು. ಬಗ್ಗಿ ಹುಡುಕಿ ತೆಗೆದುಕೊಟ್ಟೆ. ಧೂಳನ್ನು ನಾನು ಒರೆಸಲು ಹೋದರೆ ಬೇಡವೆಂದು ಕಸಿದುಕೊಂಡಳು.

ಅತ್ತೆ ಮನೆಯವರ ಮೇಲೆ ಹಾಕಿದ್ದ ಕೇಸು ಬಿದ್ದುಹೋಯಿತೆಂದು ಮುಂದೆ ಊರಿಗಾಂನಿಂದ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಹೇಳಿದಳು. ಸಾಕ್ಷಿ ಹೇಳಲು ಅವರ ಬೀದಿಯಿಂದ ಯಾರೂ ಬರಲಿಲ್ಲವಂತೆ. ಆ ಅಳಿಯನಿಗೆ ಆಗಲೇ ಎರಡನೇ ಮದುವೆಯೂ ಆಗಿತ್ತು.