ತುಂಬುವ ಬಾಯಿ ಮೊದಲು

ಗಡಿಯಾರ ರಿಪೇರಿಯವನು ಜೀವಮಾನದಲ್ಲಿ ಒಂದು ಕೆಲಸವನ್ನೂ ಬೇಗ ಮುಗಿಸಿದವನಲ್ಲ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮನೆಯವರೆಲ್ಲ ಉಂಡು ಕೈ ತೊಳೆದಿರುತ್ತಿದ್ದರು. ಹೆಂಡತಿಯ ತವರಿನಲ್ಲಿ ಅವನಿಗೆ ನಿಧಾನಪ್ಪ ಎಂದೇ ಹೆಸರು. ಆ ಹೆಸರಿಟ್ಟವಳೂ ಹೆಂಡತಿಯೇ. ಅವಳು ಟ್ಯಾಕ್ಸಿ ಓಡಿಸುವವಳು, ನಿಂತಲ್ಲಿ ನಿಲ್ಲುವವಳಲ್ಲ. ಇಂಥ ಇಬ್ಬರನ್ನು ಯಾವ ಪುಣ್ಯಾತ್ಮ ಜೋಡಿ ಮಾಡಿದನೋ!

ಅವಳ ಮುಖ್ಯ ಗಿರಾಕಿ ಆಸ್ಪತ್ರೆ. ಆಪರೇಷನ್ ಆದವರನ್ನು ಜೋಪಾನವಾಗಿ ಮನೆ ಮುಟ್ಟಿಸುವುದು ಅವಳ ಕೆಲಸ. ಈಚೆಗೆ ಕಾರು ಗೇರು ಬದಲಿಸುವಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದಂತೆ ಜಗ್ಗುತ್ತಿತ್ತು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರು ಅದು, ಡ್ರೈವರ್ ಎಷ್ಟು ನಾಜೂಕಾಗಿ ಓಡಿಸಿದರೂ ಅಷ್ಟೇ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಒಬ್ಬರಂತೂ ಇಳಿಯುವಾಗ, "ಡಾಕ್ಟರು ಕೊಟ್ಟ ನೋವು ತಡ್ಕೊಂಡೆ ತಾಯಿ, ನಿನ್ನ ಕಾರು ಕೊಟ್ಟಿದ್ದು ತಡೆಯೋಕಾಗಲಿಲ್ಲ" ಎಂದುಬಿಟ್ಟರು. ಮಾತು ಆಸ್ಪತ್ರೆಗೂ ಮುಟ್ಟಿತು. ಇನ್ನೊಂದು ದೂರು ಬಂದರೆ ಬೇರೆ ಟ್ಯಾಕ್ಸಿ ನೋಡಿಕೊಳ್ಳುವುದಾಗಿ ಹೆಡ್ ನರ್ಸ್ ಮುಖಕ್ಕೆ ಹೊಡೆದಂತೆ ಹೇಳಿದರು. ಮರುದಿನ ಬೆಳಿಗ್ಗೆಯೇ ಬೆನ್ನಿನ ಆಪರೇಷನ್ ಆದ ಅಜ್ಜಿಯೊಬ್ಬರನ್ನು ಕರೆದೊಯ್ಯಬೇಕಿತ್ತು. ಗ್ಯಾರೇಜಿನವರೋ, ಮುಂದಿನ ವಾರ ಬನ್ನಿ ಎಂದು ಕೈ ತೊಳೆದುಕೊಂಡರು.

"ಗೇರ್‌ಬಾಕ್ಸ್ ಆಯಿಲ್ ಹಳೇದಾಗಿದೆ ಅಷ್ಟೇ. ನಾನು ಬದಲಾಯಿಸ್ತೀನಿ ಬಿಡು" ಎಂದ ಗಂಡ.

"ಯಾವಾಗ್ರೀ? ಮುಂದಿನ ವರ್ಷಾನಾ?"

ಅವನು ಮಂಚದ ಕೆಳಗಿನಿಂದ ಆಯಿಲ್ ಡಬ್ಬಗಳನ್ನು ಎಳೆದ. ಆ ಕಾರಿಗೆ ಇಂಥದ್ದೇ ಆಯಿಲ್ ಆಗಬೇಕೆಂದು ಅಂಗಡಿ ಅಂಗಡಿ ಅಲೆದು, ಯಾರಿಗೂ ಹೇಳದೆ ತಂದಿಟ್ಟುಕೊಂಡಿದ್ದ.

ಅಂಗಳದಲ್ಲಿ ಹಳೆಯ ಚಾದರ ಹಾಸಿ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಎಲ್ಲೂ ವಾರೆಯಾಗಿಲ್ಲ ತಾನೇ ಎಂದು ಸುತ್ತ ತಿರುಗಿ ನೋಡಿದ. ಕೆಳಗೆ ನುಸುಳಿ ಮೊದಲು ಕೈ ಹಾಕಿದ್ದು ಮೇಲಿನ ಬೋಲ್ಟಿಗೆ. ಹೊಸ ಆಯಿಲ್ ತುಂಬುವ ಬಾಯಿ ಅದು. ತುಕ್ಕು ಹಿಡಿದು ಕೂತಿತ್ತು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅಷ್ಟರಲ್ಲಿ ಅವಳ ತಮ್ಮ ಬಂದ. ಪಂಕ್ಚರ್ ಅಂಗಡಿಯವನು, ಅಕ್ಕನಿಗಿಂತ ಒಂದು ಕೈ ಹೆಚ್ಚು ಅವಸರ. "ಭಾವ, ಕೆಳಗಿನ ಬೋಲ್ಟ್ ತೆಗೀರಿ. ಹಳೇದೆಲ್ಲ ಸುರಿದು ಹೋಗ್ಲಿ. ಮೇಲಿಂದು ಆಮೇಲೆ ನೋಡ್ಕೊಂಡ್ರಾಯ್ತು."

"ತುಂಬೋ ಬಾಯಿ ಬಿಚ್ಚೋ ತನಕ ಸುರಿಯೋ ಬಾಯಿ ಮುಟ್ಟಲ್ಲ. ಖಾಲಿ ಮಾಡ್ಕೊಂಡು ತುಂಬೋಕಾಗದೆ ಹೋದ್ರೆ ಕಾರು ಗೇಟೂ ದಾಟಲ್ಲ ಕಣೋ."

ತುಕ್ಕು ಬಿಡಿಸುವ ಎಣ್ಣೆ ಹನಿಸಿದ, ಪುಟ್ಟ ಸುತ್ತಿಗೆಯಿಂದ ತಟ್ಟಿದ, ಕಾದ. ಮತ್ತೆ ಹನಿಸಿದ, ತಟ್ಟಿದ, ಕಾದ. ಮಧ್ಯಾಹ್ನ ಕಳೆಯಿತು. ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

"ಅಕ್ಕಾ, ನೀನಾದ್ರೂ ಹೇಳು. ಹೀಗೇ ಕೂತ್ರೆ ಆಸ್ಪತ್ರೆ ಬೇರೆಯವರ ಪಾಲಾಗುತ್ತೆ" ಎನ್ನುತ್ತ ತಮ್ಮ ಸ್ಪ್ಯಾನರ್ ಹಿಡಿದು ಕಾರಿನಡಿ ನುಸುಳಲು ಬಗ್ಗಿದ.

"ಮುಟ್ಟಬೇಡ!"

ಗಂಡ ಗದರಿದ್ದನ್ನು ಅವಳು ಅದೇ ಮೊದಲು ಕೇಳಿದ್ದು. ನಿಜ ಹೇಳಬೇಕೆಂದರೆ ಅವಳ ಮನಸ್ಸು ಎಂದಿನಂತೆ ತಮ್ಮನ ಕಡೆಗೇ ಇತ್ತು. ಆದರೂ ಕೇಳಿದಳು: "ರೀ, ಅದು ಬಿಚ್ಕೊಳ್ಳೋದು ಖಾತ್ರಿನಾ?"

"ಇಲ್ಲ. ಬಿಚ್ಕೊಳ್ಳದಿದ್ರೆ ಕಾರು ಹೇಗಿದೆಯೋ ಹಾಗೇ ಇರುತ್ತೆ. ನಿನ್ನ ಕಾರನ್ನ ನಾನು ಇದಕ್ಕಿಂತ ಕೆಡಿಸಲ್ಲ."

ಬಡಾಯಿ ಕೊಚ್ಚುವ ಗಂಡಸರನ್ನು ದಿನವೂ ಟ್ಯಾಕ್ಸಿಯಲ್ಲಿ ಹೊತ್ತು ತಿರುಗುವವಳಿಗೆ ಆ 'ಇಲ್ಲ' ನೇರವಾಗಿ ಎದೆಗೆ ತಾಗಿತು. ತಮ್ಮನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು. "ನೀನು ನಿನ್ನ ಅಂಗಡಿಗೆ ನಡಿ. ಇಲ್ಲಿ ಇವರು ಹೇಳಿದ ಹಾಗೆ ಆಗ್ಲಿ."

ತಮ್ಮ ಮುಖ ಊದಿಸಿಕೊಂಡು ಹೋದ. ಗಂಡ ಹೆಂಡತಿ ಇಬ್ಬರೂ ಚಾದರದ ಮೇಲೆ ಕೂತು ಕಾದರು. ಸಂಜೆಯ ಹೊತ್ತಿಗೆ ಬೋಲ್ಟ್ ಕಟಕ್ಕೆಂದು ಸಡಿಲಿತು. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆಗೆದರು!

ಆಮೇಲಷ್ಟೇ ಅವನು ಕೆಳಗಿನ ಬೋಲ್ಟ್ ಬಿಚ್ಚಿದ. ಸುಟ್ಟ ವಾಸನೆಯ ಕಪ್ಪು ಆಯಿಲ್ ತಟ್ಟೆಗೆ ಸುರಿಯಿತು. ಅದು ನಿಂತ ಮೇಲೆ ಕೆಳಗಿನ ಬಾಯಿ ಬಿಗಿಮಾಡಿ, ಬಂದಷ್ಟನ್ನು ಅಳೆದು, ಅಷ್ಟೇ ಹೊಸ ಕೆಂಪು ಆಯಿಲನ್ನು ತುಂಬಿದ. ಎಂಜಿನ್ ಶುರು ಮಾಡಿಸಿ, ಬ್ರೇಕ್ ಒತ್ತಿ ಹಿಡಿದು ಗೇರಿನ ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಸರಿಸುವಂತೆ ಅವಳಿಗೆ ಹೇಳಿದ. ಆಯಿಲ್ ಬೆಚ್ಚಗಾದ ಮೇಲೆ ಮಟ್ಟ ನೋಡಿ ಮೇಲಿನ ಬಾಯಿ ಮುಚ್ಚಿದ.

ಕಾರನ್ನು ಸ್ಟ್ಯಾಂಡುಗಳಿಂದ ಇಳಿಸಿದ ಮೇಲೆ ಅವಳು ಬೀದಿಯಲ್ಲಿ ಒಂದು ಸುತ್ತು ಹೊಡೆದಳು. ಗೇರು ಯಾವಾಗ ಬದಲಾಯಿತೋ ಅವಳಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಅವನು ಕಣ್ಣು ಮುಚ್ಚಿ, ಗಡಿಯಾರಕ್ಕೆ ಕಿವಿ ಕೊಟ್ಟಂತೆ ಕೂತಿದ್ದ. ಇಷ್ಟು ವರ್ಷ ಇವರನ್ನು ಆಡಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು, ಇವರು ನನ್ನವರು ಎಂದು ಎದೆಯೂ ಉಬ್ಬಿತು.

ಮರುದಿನ ಅಜ್ಜಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದೇ ಕಾರು ಹತ್ತಿದರು. ಅರ್ಧ ದಾರಿಯಲ್ಲಿ ಆ ಕೈ ಸಡಿಲವಾಯಿತು. ಮನೆ ಮುಂದೆ ನಿಲ್ಲಿಸಿದಾಗ ಅವರಿಗೆ ಗಾಢ ನಿದ್ದೆ.

"ಆಪರೇಷನ್ ಆದಾಗಿಂದ ಅಮ್ಮ ನಿದ್ದೇನೇ ಮಾಡಿರಲಿಲ್ಲ. ಸ್ವಲ್ಪ ಹೊತ್ತು ಹೀಗೇ ಇರೋಣ್ವಾ?" ಎಂದು ಜೊತೆಗೆ ಬಂದಿದ್ದ ಮಗಳು ಮೆಲ್ಲಗೆ ಕೇಳಿದರು. "ಎಷ್ಟು ನಯವಾಗಿ ಬಂತು ಕಾರು! ಯಾವ ಗ್ಯಾರೇಜಿಗೆ ಬಿಡ್ತೀರಿ?"

"ನಮ್ಮನೆಯವರೇ ಮಾಡಿದ್ದು" ಎಂದಳು ಟ್ಯಾಕ್ಸಿಯವಳು. ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಬೇಕೆನ್ನಿಸಿತ್ತು; ಅಜ್ಜಿಗೆ ಎಚ್ಚರವಾದೀತೆಂದು ಪಿಸುಗುಟ್ಟಿದಳು.