ಹಿಂದಿನ ಸಾಲಿನ ಮಂಜು

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನು ಬೆಂಗೇರಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕುಳಿತು, ಕಂಪ್ಯೂಟರಿನೊಳಗೆ ಬೆಟ್ಟ, ಹುಲ್ಲುಗಾವಲು, ಮುಂಜಾವು ಇತ್ಯಾದಿಗಳನ್ನು ಸೃಷ್ಟಿಸುತ್ತಿದ್ದೆ. ಬ್ರಹ್ಮದೇವರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ: ನನಗೆ ಕರೆಂಟು ಬೇಕಿತ್ತು. ಮದುವೆಯ ಫೋಟೋದಿಂದ ಜನರನ್ನು ಕತ್ತರಿಸಿ ಈ ಸೃಷ್ಟಿಯಲ್ಲಿ ನಿಲ್ಲಿಸಿದರೆ ಆಲ್ಬಮ್ ತಯಾರು.

ಮಂಜಿನ ವಿಷಯದಲ್ಲಿ ನಾನು ಕಟ್ಟಾ ಶಾಸ್ತ್ರನಿಷ್ಠ. ದೂರ ಹೆಚ್ಚಿದಂತೆ ಎಲ್ಲವೂ ಮಸುಕಾಗಬೇಕು. ಗಾಳಿಯಲ್ಲಿ ಮಂಜೋ ದೂಳೋ ಇದ್ದಲ್ಲಿ ಮಾತ್ರ ಬಿಸಿಲುಕೋಲು ಕಾಣಬೇಕು. ಹೆಬ್ಬಳ್ಳಿಯ ರೈತರೊಬ್ಬರ ಮಗಳ ಮದುವೆಯ ಗುಂಪು ಫೋಟೋಕ್ಕೂ ಇದೇ ನಿಯಮ ಹಚ್ಚಿದೆ. ಸಾಲುಸಾಲಿಗೆ ದೂರ ಗೊತ್ತುಮಾಡಿ ಕೊಟ್ಟ ಮೇಲೆ, ಬೆಳಗ್ಗೆ ಕುಳಿತ ಕಂಪ್ಯೂಟರ್ ಸಂಜೆಗೆ ಚಿತ್ರ ಮುಗಿಸಿ ಎದ್ದಿತು. ಆಲ್ಬಮ್ ಕೈಸೇರುವಷ್ಟರಲ್ಲಿ ಮಗಳ ಕುಬಸವೇ, ಅಂದರೆ ಸೀಮಂತವೇ, ಹತ್ತಿರ ಬಂದಿತ್ತು. ಆ ಕಾಲಕ್ಕೆ ಇದನ್ನು ಯಾರೂ ತಡವೆನ್ನುತ್ತಿರಲಿಲ್ಲ.

ನಾಲ್ಕೈದು ದಿನ ಕಳೆದು ರೈತರು ಆಲ್ಬಮ್ ಹಿಡಿದು ವಾಪಸು ಬಂದರು.

“ನಮ್ಮಕ್ಕ ಎಲ್ಲಿ ಅದಾಳ್ರಿ ಇದರಾಗ?”

“ಹಿಂದಿನ ಸಾಲಿನ್ಯಾಗ ಅದಾರ್ರಿ. ಮುಂಜಾನಿ ಮಂಜು ನೋಡ್ರಿ, ಹಿಂದಿನವ್ರು ಮಸುಕು ಕಾಣೂದು ಪ್ರಕೃತಿ ನಿಯಮ.”

“ಪ್ರಕೃತಿಗೆ ನಮ್ಮಕ್ಕ ಗೊತ್ತಿಲ್ರಿ. ಬೀಗರೆಲ್ಲಾ ಮುಂದ ಫಳಫಳ ಹೊಳ್ಯಾಕತ್ತಾರ, ಹೆಣ್ಣಿನ ಸೋದರತ್ತಿನ್ನ ಹೊಗ್ಯಾಗ ಹಾಕೀರಿ. ಕುಬಸಕ್ಕ ಬರೂದಿಲ್ಲ ಅಂತ ಕುಂತಾಳ!”

ಅವರ ಮನೆಯ ಪದ್ಧತಿಯಂತೆ ಮೊದಲ ಉಡಿ ತುಂಬಬೇಕಾದವರು ಸೋದರತ್ತೆ. ಅವರು ಬಾರದಿದ್ದರೆ ಬಸುರಿ ಮಗಳು ಖಾಲಿ ಉಡಿಯಲ್ಲಿ ಕೂಡಬೇಕು. ಇದನ್ನು ಹೇಳುವಾಗ ರೈತರ ದನಿ ಇಳಿದಿತ್ತು. ನನ್ನ ಮಂಜಿನ ಶಾಸ್ತ್ರ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು.

ಮರದ ಸಂದಿಯಿಂದ ಒಂದು ಬಿಸಿಲುಕೋಲನ್ನು ನೇರ ಅಕ್ಕನ ನೆತ್ತಿಯ ಮೇಲೆ ಇಳಿಸಿದೆ. ಮಂಜು ಬೆಳಗಿತು, ಅಕ್ಕ ಬಿಳುಪಿನಲ್ಲಿ ಅರ್ಧ ಕರಗಿದರು. ನನಗೆ ಬಹಳ ದಿವ್ಯವಾಗಿ ಕಂಡಿತು. ಮರುದಿನ ಬಂದ ರೈತರು ಅದನ್ನು ನೋಡಿ ಟೊಪ್ಪಿಗೆ ತೆಗೆದರು.

“ಸಾಹೇಬ್ರ, ನಮ್ಮಕ್ಕ ಇನ್ನೂ ಜೀವಂತ ಅದಾಳ್ರಿ. ಇದಕ್ಕ ಹಾರ ಒಂದು ಹಾಕೂದು ಬಾಕಿ ಉಳದೈತಿ.”

ಕೊನೆಗೆ ಮಂಜಿನ ಗಡಿಯನ್ನೇ ಕಿತ್ತು ಹಿಂದೆ ನೆಟ್ಟೆ. ಅಕ್ಕನ ಬೆನ್ನ ಹಿಂದಿನಿಂದಲೇ ಅದು ಶುರುವಾಗಬೇಕು, ಸೆರಗಿನ ಅಂಚನ್ನೂ ಮುಟ್ಟಕೂಡದು. ಬಿಸಿಲುಕೋಲನ್ನು ಯಾರ ನೆಂಟಸ್ತಿಕೆಗೂ ಸೇರದ ಒಂದು ಬಂಡೆಯ ಮೇಲೆ ಬಿಟ್ಟೆ. ಭೌತಶಾಸ್ತ್ರದ ಲೆಕ್ಕದಲ್ಲಿ ಅಂಥ ಮಂಜು ಭೂಮಿಯ ಮೇಲೆ ಬೀಳಲಾರದು.

ಈ ಸಲ ರೈತರ ಜೊತೆ ಅಕ್ಕನೇ ಖುದ್ದಾಗಿ ಬಂದರು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ತಮ್ಮ ಮುಖ ನೋಡಿಕೊಂಡರು. ಆಮೇಲೆ ಬೀಗರ ಮುಖ ನೋಡಿದರು. ಮತ್ತೊಮ್ಮೆ ತಮ್ಮದನ್ನು ನೋಡಿಕೊಂಡರು.

“ಮೂಗುತಿ ಸೈತ ಕಾಣಾಕತ್ತೈತಿ,” ಎಂದರು.

“ಹಂಗಾರ ಬರ್ತೀಯಿಲ್ಲಬೇ ಅಕ್ಕಾ?” ರೈತರು ಮೆಲ್ಲಗೆ ಕೇಳಿದರು.

“ಬರದ ಏನು? ನಾ ಉಡಿ ತುಂಬಲಿಲ್ಲಂದ್ರ ಇನ್ಯಾರು ತುಂಬ್ತಾರೋ?” ಎಂದವರು ನನ್ನತ್ತ ತಿರುಗಿದರು. “ಆದ್ರ ತಮ್ಮಾ, ಆ ಕಲ್ಲಿನ ಮ್ಯಾಲೆ ಇಷ್ಟು ಬಿಸಲು ದಂಡ ಆಗೇತಲ್ಲ. ಒಂಚೂರು ಈ ಕಡಿ ಸರಸಾಕ ಬರ್ತದೇನು?”

“ಬರ್ತದ್ರಿ ಅಕ್ಕಾರ. ಕಂಪ್ಯೂಟರಿಗೆ ಇನ್ನೊಂದು ಹಗಲು ಬೇಕು.”

ಅಕ್ಕ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡರು.

“ಇರಲಿ ಬಿಡು. ಹುಡುಗಿಗೆ ಕುಬಸದ ಹಸರು ಸೀರಿ ಇನ್ನೂ ತಂದಿಲ್ಲ,” ಎಂದು ಚಪ್ಪಲಿ ಮೆಟ್ಟಿ, ಕುಳಿತಿದ್ದ ರೈತರನ್ನು ಎಬ್ಬಿಸಿಕೊಂಡು ಪೇಟೆಗೆ ಹೊರಟರು.