ಗಿರಿಜತ್ತೆಯ ಬಾಟಲಿ

ಇವತ್ತು ಬೆಳಿಗ್ಗೆ ಕುಕ್ಕರಿನ ತಳದ ಬಿಳಿ ಪೊರೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಕೊಟ್ಟೂರಿನ ನಮ್ಮ ಬೋರ್‌ವೆಲ್ ನೀರು ಬಿಡುವ ಗುರುತು ಅದು, ಎಷ್ಟು ಉಜ್ಜಿದರೂ ಹೋಗದು. ಮೊನ್ನೆಯಿಂದ ನನ್ನ ಸಿಟ್ಟೂ ಹಾಗೇ ಕೂತಿದೆ.

ಮೊನ್ನೆ ನನ್ನ ಸೋದರತ್ತೆ ಗಿರಿಜತ್ತೆಗೆ ನಿವೃತ್ತಿಯ ಸನ್ಮಾನವಿತ್ತು. ಬರೀ ಕೆಮಿಸ್ಟ್ ಆಗಿ ಸೇರಿದವರು ವಿಜ್ಞಾನ ಸಂಸ್ಥೆಯೊಂದರ ನಿರ್ದೇಶಕಿಯಾಗುವಷ್ಟು ಬೆಳೆದರು ಎಂದು ಭಾಷಣಕಾರರು ಹೊಗಳಿದರು. ಬರೀ ಅಂತೆ! ನಾನೂ ಚಪ್ಪಾಳೆ ತಟ್ಟಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸಭ್ಯತೆ ನೋಡಿ, ಮೈ ಉರಿಯುವಾಗಲೂ ಕೈ ತಾನಾಗಿ ತಟ್ಟುತ್ತದೆ.

ಕೆಮಿಸ್ಟ್ ಆಗಿದ್ದಾಗ ನೀವು ಆಕೆಯನ್ನು ಇಟ್ಟಿಗಿಯ ನಮ್ಮ ತವರಿನ ಬೋರಿನ ಹತ್ತಿರ ನೋಡಬೇಕಿತ್ತು. ಪರೀಕ್ಷೆಗೆ ನೀರು ಹಿಡಿಯುವ ಮೊದಲು ಬಾಟಲಿಯನ್ನು ಅದೇ ನೀರಿನಿಂದ ಕುಲುಕಿ ಚೆಲ್ಲುವಳು, ಮತ್ತೆ ಹಿಡಿದು ಮತ್ತೆ ಚೆಲ್ಲುವಳು. ಬೇರೆ ನೀರಿನ ಹನಿ ಉಳಿದರೆ ಲೆಕ್ಕ ತಪ್ಪುತ್ತದಂತೆ.

"ತೊಳದಿದ್ದನ್ನ ಮತ್ತ ತೊಳಿಯಾಕ ಇಷ್ಟು ಓದಬೇಕಿತ್ತೇನಲೇ ಗಿರಿಜಾ?" ಎಂದು ನಮ್ಮಜ್ಜಿ ಕಟ್ಟೆಯಿಂದಲೇ ಮಗಳನ್ನು ಛೇಡಿಸುವಳು.

ಫ್ಲೋರೈಡ್ ನೀರು ಕುಡಿದು ಕುಡಿದು ಅಜ್ಜಿಯ ಬೆನ್ನು ಬಾಗಿತ್ತು. ಮಗಳ ಮುಖ ನೋಡಬೇಕೆಂದರೂ ಗೋಡೆ ಹಿಡಿಯಬೇಕು. ಆ ಫ್ಲೋರೈಡನ್ನು ಹಿಡಿದಿಡುವ ಫಿಲ್ಟರ್ ಒಂದನ್ನು ಅತ್ತೆ ಹಿತ್ತಲಲ್ಲಿ, ಹಳೆಯ ಡ್ರಮ್ಮಿನಲ್ಲಿ ಕಟ್ಟಿದ್ದಳು.

ಅದು ಕೆಲಸ ಮಾಡತೊಡಗಿದ ಹೊತ್ತಿಗೇ ಆಕೆಗೆ ಬಡ್ತಿ. ನಾವೆಲ್ಲ ಪೇಢೆ ಹಂಚಿದೆವು. ಕಾರು ಬಂತು, ಚೇಂಬರು ಬಂತು, ಮೀಟಿಂಗುಗಳು ಬಂದವು. ಅತ್ತೆ ಇಟ್ಟಿಗಿಗೆ ಬರುವುದು ನಿಂತಿತು. ಅಧಿಕಾರಿಯಾದವರು ಬೋರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತರೆ ಚೆನ್ನಾಗಿರುವುದಿಲ್ಲ ಎಂದರಂತೆ ಮೇಲಿನವರು. ಪ್ರಯೋಗಾಲಯದಲ್ಲಿ ಆಕೆಯ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಫ್ಲೋರೈಡ್ ಹೀರುವ ಒಳಗಿನ ಪುಡಿ ಬದಲಿಸುವವರಿಲ್ಲದೆ ಫಿಲ್ಟರ್ ಕೆಟ್ಟಿತು. ಕೊನೆಗೆ ಆ ಡ್ರಮ್ಮಿನಲ್ಲಿ ದನಗಳಿಗೆ ಹಿಂಡಿ ನೆನೆಹಾಕಿದರು. ಅಜ್ಜಿ ಬಾಗಿದ ಬೆನ್ನಿನಲ್ಲೇ ಹೋದಳು. ಒಳ್ಳೆಯ ಕೆಮಿಸ್ಟ್ ಒಬ್ಬಳನ್ನು ಸಹಿ ಹಾಕಲು ಕೂರಿಸಿ, ಅದನ್ನೇ ಬೆಳವಣಿಗೆ ಎಂದು ಹಾರ ಹಾಕುತ್ತಾರಲ್ಲ, ನನಗದು ನುಂಗಲಾಗದು.

ಕುಕ್ಕರನ್ನು ಅಲ್ಲೇ ಬಿಟ್ಟು ಅತ್ತೆಗೆ ಫೋನ್ ಮಾಡಿದೆ. ಮೊನ್ನೆಯ ಚಪ್ಪಾಳೆ ವಾಪಸ್ ತೆಗೆದುಕೊಂಡಿದ್ದೇನೆ ಎಂದೆ. ಆಕೆ ನಕ್ಕಳು.

"ಇಟ್ಟಿಗಿ ನೀರು ಇನ್ನೂ ಹಂಗೇ ಐತಿ ಅತ್ತಿ. ಈಗ ನಿನಗ ಬ್ಯಾಡ ಅನ್ನೋರು ಯಾರದಾರ? ನಾಳೆ ನಾನೇ ಹೋಗಿ ಪರೀಕ್ಷೆಗೆ ನೀರು ತರ್ತೀನಿ," ಎಂದೆ.

ಹೆಚ್ಚೇ ಆಡಿಬಿಟ್ಟೆನೇನೋ ಅನ್ನಿಸಿತು.

"ಬಾಟ್ಲಿ ಅದೇ ನೀರಾಗ ತೊಳಿಬೇಕು," ಎಂದಳು ಅತ್ತೆ. "ಗೊತ್ತೈತಿಲ್ಲ?"

ಪೊರೆ ಇನ್ನೂ ಹೋಗಿಲ್ಲ. ಕುಕ್ಕರಿನ ಪಕ್ಕದಲ್ಲಿ ಬಾಟಲಿಯೊಂದು ಬೋರಲಾಗಿ ಒಣಗುತ್ತಿದೆ.